ಗುರೆಳ್ಳಿಗೆ ಸಕ್ಕರೆ ಕಡಿಮೆಯಾದಾಗ

ನಮ್ಮ ಮನೆಯಲ್ಲಿ ಶುಗರ್ ಎಂದರೆ ಏರುವುದೇ ಹೊರತು ಇಳಿಯುವುದಲ್ಲ. ಮಾವನವರಿಗೆ ಇತ್ತು, ಅವರ ಅಣ್ಣತಮ್ಮಂದಿರಿಗೆ ಇತ್ತು, ನಮ್ಮವರಿಗೂ ನಲವತ್ತು ದಾಟುತ್ತಲೇ ಬಂತು. ರಕ್ತ ಪರೀಕ್ಷೆಯಲ್ಲಿ ಅಂಕಿ ಒಂದಿಷ್ಟು ಕೆಳಗೆ ಬಂದರೆ ಆ ದಿನ ನಮಗೆ ಹಬ್ಬ, ಹೋಳಿಗೆಯಿಲ್ಲದ ಹಬ್ಬ. ಇಂಥ ಮನೆಗೆ ಬಂದ ನಾಯಿಮರಿಗೆ ಸಕ್ಕರೆ ಕಡಿಮೆಯಾಗಿ ಜೀವಕ್ಕೆ ಕುತ್ತು ಬಂದಿತ್ತು ಎಂದರೆ ನೆಂಟರು ಇಂದಿಗೂ ನಗುತ್ತಾರೆ. ಆಗ ನಮಗೆ ನಗು ಬಂದಿರಲಿಲ್ಲ. ಈಗ ಅವಳು ಗಟ್ಟಿಮುಟ್ಟಾಗಿದ್ದಾಳೆ, ಹಾಗಾಗಿ ನಾನೂ ನಗುತ್ತ ಬರೆಯಬಲ್ಲೆ. ಇದನ್ನು ಓದುವ ಯಾರದಾದರೂ ಮಡಿಲಲ್ಲಿ ಅಂಗೈಯಷ್ಟು ಮರಿ ಮಲಗಿದ್ದು, ಅದು ಯಾಕೋ ಮಂಕಾಗಿದೆ ಎಂದು ಅವರ ಎದೆ ಹೊಡೆದುಕೊಳ್ಳುತ್ತಿದ್ದರೆ, ಆ ಎದೆಬಡಿತ ನನಗೆ ಗೊತ್ತು.

ನಾಯಿ ಬಂದದ್ದೇ ಶುಗರಿನ ದೆಸೆಯಿಂದ. ನಮ್ಮವರ ಡಾಕ್ಟರು ದಿನಾ ನಡೆಯಲೇಬೇಕು ಎಂದು ಗದರಿದ್ದರು. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡು ಹಗಲೆಲ್ಲ ಕುರ್ಚಿಯಲ್ಲಿ ಕೂತಿರುವ ಮನುಷ್ಯ, ನಡೆ ಎಂದರೆ ನೆಪ ಹುಡುಕದೆ ಇರುತ್ತಾರೆಯೇ? "ಒಬ್ಬನ ನಡಿಯಾಕ ಬ್ಯಾಸರ ಆಗ್ತೈತಿ. ಒಂದ ನಾಯಿ ಇದ್ರ ನಡೀತೇನಿ" ಎಂದರು. ಆಗಲಿ ಎಂದೆ. ನನ್ನ ಕಣ್ಣ ಮುಂದೆ ಸೊಂಟದೆತ್ತರದ, ಇವರನ್ನು ದರದರ ಎಳೆದುಕೊಂಡು ಹೋಗುವ ನಾಯಿ ಇತ್ತು. ಸೋಲಾಪುರದ ಗೆಳೆಯನ ಮನೆಯಿಂದ ಅವರು ತಂದದ್ದು ಅಂಗಿಯ ಜೇಬಿನಲ್ಲಿ ಹಿಡಿಯುವ ಒಂದು ಕರಿ ಮರಿಯನ್ನು. ಚಿವಾವಾ ಜಾತಿಯಂತೆ. ಬೆಳೆದರೂ ಬೆಕ್ಕಿನ ಗಾತ್ರ ಮೀರುವುದಿಲ್ಲವಂತೆ.

ನಮ್ಮ ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಲೇ ಮಲ್ಲೂ, ನಾಯಿ ತರ್ತೇನಂತ ಹೋಗಿ ನಾಯಿ ಬೀಜ ತಂದೀಯಲ್ಲೋ!" ಎಂದರು.

ಬೀಜ ಎಂದ ಮೇಲೆ ಹೆಸರಿಗೆ ಹುಡುಕಬೇಕಾಗಲಿಲ್ಲ. ಕಪ್ಪಗೆ, ಸಣ್ಣಗೆ, ಮಿರಿಮಿರಿ ಮಿಂಚುವ ಮೈ. ಗುರೆಳ್ಳಿನ ಕಾಳಿನಂತಿದ್ದುದರಿಂದ ಗುರೆಳ್ಳಿ ಎಂದು ಕರೆದೆವು. ಅಂಗಳದಲ್ಲಿ ಎರಡು ಸುತ್ತು ನಡೆದರೆ ಸುಸ್ತಾಗಿ ಕೂತುಬಿಡುತ್ತಿದ್ದಳು. ನಮ್ಮವರು ಅವಳನ್ನು ಜೇಬಿಗೆ ಹಾಕಿಕೊಂಡು ಗುಮ್ಮಟದ ಕಡೆ ಹೋಗಿ ಬರುತ್ತಿದ್ದರು. ಅಂತೂ ನಡಿಗೆ ಶುರುವಾಯಿತು.

ಇನ್ನು ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ಬೆಳಿಗ್ಗೆ ಅತ್ತೆಯ ಇಷ್ಟಲಿಂಗ ಪೂಜೆ ಮುಗಿಯುವವರೆಗೆ ನಮ್ಮಲ್ಲಿ ಒಲೆ ಹತ್ತುವುದಿಲ್ಲ, ಯಾರ ಬಾಯಿಗೂ ಏನೂ ಬೀಳುವುದಿಲ್ಲ. ಚಹಾ ಕೂಡ ಇಲ್ಲ. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಶಿಕ್ಷಕಿ. ಬಸ್ಸಿನ ಹೊತ್ತಾದರೆ ಖಾಲಿ ಹೊಟ್ಟೆಯಲ್ಲೇ ಹೊರಟು ಅಲ್ಲಿ ಹೋಗಿ ತಿನ್ನುವ ರೂಢಿ. ನಮ್ಮವರ ಗುಳಿಗೆಗೆ ಮಾತ್ರ ವಿನಾಯಿತಿ ಇತ್ತು, ಅದು ಔಷಧ, ಊಟವಲ್ಲ ಎಂದು ಅತ್ತೆ ತೀರ್ಪು ಕೊಟ್ಟಿದ್ದರು. ಅತ್ತೆಯ ಮಾತಿಗೆ ಎದುರಾಡುವ ಅಭ್ಯಾಸ ನಮಗಾರಿಗೂ ಇಲ್ಲ. ಅವರು ಗದರುವವರಲ್ಲ, ಆದರೆ ಅವರ ಮುಖ ಸಣ್ಣದಾದರೆ ಇಡೀ ಮನೆ ಸಣ್ಣದಾಗುತ್ತದೆ.

ಗುರೆಳ್ಳಿಯೂ ಈ ಕಟ್ಟಳೆಗೆ ಸೇರಿದಳು. ರಾತ್ರಿ ಒಂದಿಷ್ಟು ಮೊಸರನ್ನ ತಿಂದು ಮಲಗಿದವಳು ಬೆಳಿಗ್ಗೆ ತಾನಾಗಿ ಪೂಜೆಯ ಮಣೆಯ ಬಳಿ ಹೋಗಿ ಸುಮ್ಮನೆ ಮಲಗುತ್ತಿದ್ದಳು. ಬೊಗಳುವುದಿಲ್ಲ, ಓಡುವುದಿಲ್ಲ. ಕಣ್ಣು ಅರ್ಧ ಮುಚ್ಚಿ ತಲೆಯನ್ನು ಮೆಲ್ಲಗೆ ಅಲ್ಲಾಡಿಸುತ್ತ ಕೇಳುತ್ತಿದ್ದಳು. ಪೂಜೆ ಮುಗಿದು ಒಂದು ತುತ್ತು ಹೊಟ್ಟೆಗೆ ಬಿದ್ದದ್ದೇ ತಡ, ಮನೆ ತುಂಬ ಓಡಾಡುತ್ತಿದ್ದಳು. "ಪ್ರಸಾದದ ಶಕ್ತಿ ನೋಡ್ರಿ" ಎಂದು ಅತ್ತೆ ಓಣಿಯ ಹೆಂಗಸರಿಗೆಲ್ಲ ಹೇಳಿದರು. ಸುದ್ದಿ ಹಬ್ಬಿತು. ನೋಡಲು ಜನ ಬಂದರು. ಅತ್ತೆ ಅವಳ ಹಣೆಗೆ ವಿಭೂತಿ ಹಚ್ಚಿದರು. ಕಳ್ಳಕವಟಗಿಯಿಂದ ಬಂದಿದ್ದ ನಮ್ಮ ದೊಡ್ಡ ಮಾವನವರಂತೂ ಅವಳಿಗೆ ಕೈ ಮುಗಿದು, "ಯಾವ ಜನ್ಮದ ಪುಣ್ಯಾನೋ ಏನೋ, ನಮ್ಮ ಮೊಮ್ಮಕ್ಕಳಿಗೆ ಇಷ್ಟ ಭಕ್ತಿ ಇಲ್ಲ" ಎಂದು ಕಣ್ಣು ಒರೆಸಿಕೊಂಡರು. ನನಗೂ ಒಳಗೊಳಗೆ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಒಂದು ಹುಣ್ಣಿಮೆಯ ದಿನ ಪೂಜೆ ಎಂದಿಗಿಂತ ಉದ್ದವಾಯಿತು. ಮಂಗಳಾರತಿಯ ಹೊತ್ತಿಗೆ ನೋಡಿದರೆ ಗುರೆಳ್ಳಿ ಒಂದು ಮಗ್ಗುಲಿಗೆ ಬಿದ್ದಿದ್ದಳು. ಕಾಲು ನಾಲ್ಕೂ ಗಾಳಿಯಲ್ಲಿ ಈಜುತ್ತಿದ್ದವು. ಕಣ್ಣು ತೆರೆದಿತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಕಿವಿ ಮುಟ್ಟಿದರೆ ತಣ್ಣಗೆ.

"ಮೂರ್ಛೆ ಬಂದೈತಿ, ಕಬ್ಬಿಣ ಹಿಡಿಸ್ರಿ!" ಎಂದು ಅತ್ತೆ ಕೂಗಿ, ಸೊಂಟದ ಬೀಗದಕೈ ಗೊಂಚಲನ್ನು ತೆಗೆದು ಅವಳ ಮೇಲಿಟ್ಟರು. ಗೊಂಚಲು ನಾಯಿಗಿಂತ ಭಾರವಾಗಿತ್ತು. ನಮ್ಮವರು ಅದನ್ನು ತೆಗೆದು, ಮರಿಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿತ್ತು ಸ್ಕೂಟರ್ ಚಾಲೂ ಮಾಡಿದರು. ದಾರಿಯುದ್ದಕ್ಕೂ ನಾನು ಅವಳ ಎದೆಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ.

ಪ್ರಾಣಿಗಳ ದವಾಖಾನೆಯ ಬೆಂಚಿನ ತುಂಬ ಜನ. ನಿಡೋಣಿಯ ಒಬ್ಬ ರೈತರ ಕಾಲ ಬಳಿ ಕರುವಿನಷ್ಟು ಎತ್ತರದ ಬೇಟೆ ನಾಯಿ ನಿಂತಿತ್ತು. ಟಿಕೋಟದ ಮುದುಕರೊಬ್ಬರು, ದಸ್ತಗೀರ ಕಾಕಾ ಎಂದು ಆಮೇಲೆ ತಿಳಿಯಿತು, ಆಡು ಹಿಡಿದುಕೊಂಡಿದ್ದರು. ನನ್ನ ಕೈಯ ಗಂಟನ್ನು ನೋಡಿ ನಿಡೋಣಿಯವರು, "ಅಕ್ಕಾರ, ಅದರಾಗ ಏನೈತ್ರಿ?" ಎಂದರು. ಟವೆಲ್ ಸರಿಸಿ ತೋರಿಸಿದೆ. ಅವರ ಮುಖದ ನಗು ಹಾಗೇ ನಿಂತಿತು. "ಏ, ಸರೀರಿ ಸರೀರಿ, ಇವರನ್ನ ಒಳಗ ಬಿಡ್ರಿ ಮೊದ್ಲ!" ಎಂದು ಅವರೇ ಬಾಗಿಲು ನೂಕಿದರು. ಸರದಿಯಲ್ಲಿದ್ದ ಒಬ್ಬರೂ ಗೊಣಗಲಿಲ್ಲ. ಆ ಕ್ಷಣದಲ್ಲಿ ಅವರೆಲ್ಲರ ಕಾಲಿಗೆ ಬೀಳಬೇಕೆನ್ನಿಸಿತು.

ಡಾಕ್ಟರ್ ಮೇಡಮ್ ಕಿವಿಯ ಅಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು, ಒಂದು ಸಣ್ಣ ಮಷಿನ್‌ಗೆ ಹಚ್ಚಿದರು. ಅದು ನಮ್ಮ ಮನೆಯಲ್ಲಿರುವಂಥದ್ದೇ ಮಷಿನ್. ನಮ್ಮವರು ಇಣುಕಿ ನೋಡಿದರು. ಅಂಕಿಯೇ ಬರಲಿಲ್ಲ, ತೀರ ಕಡಿಮೆ ಎನ್ನುವ ಇಂಗ್ಲಿಷಿನ 'ಲೋ' ಅಷ್ಟೇ ಬಂತು.

"ಅಲ್ರಿ ಮೇಡಂ, ಈ ಮಷಿನ್ದಾಗ ಹಿಂಗೂ ಬರ್ತೈತೇನ್ರಿ?" ಎಂದರು ನಮ್ಮವರು. ಅಷ್ಟು ವರ್ಷ ಆ ಮಷಿನ್ ಬಳಸಿದ ಮನುಷ್ಯನಿಗೆ ಅದು ಕೆಳಗೂ ಹೋಗುತ್ತದೆ ಎಂಬುದು ಹೊಸ ಸುದ್ದಿ.

ಮೇಡಮ್ ಗ್ಲುಕೋಸ್ ನೀರನ್ನು ಬೆರಳಿಗೆ ಹಚ್ಚಿಕೊಂಡು ಅವಳ ಒಸಡಿಗೆ ತಿಕ್ಕಿದರು. ದಾರದಂಥ ಕಾಲಿನಲ್ಲಿ ನರ ಹುಡುಕಿ ಸಲೈನ್ ಹಚ್ಚಿದರು. ಮಗ್ಗುಲಿಗೆ ಬಿಸಿನೀರಿನ ಬಾಟಲಿ ಇಟ್ಟರು. "ಹೊರಗ ಕೂಡ್ರಿ, ನೋಡೋಣು" ಎಂದರು. ಆ 'ನೋಡೋಣು' ಎಂಬ ಮಾತಿನಲ್ಲಿ ಎಷ್ಟು ಭರವಸೆ ಇದೆ ಎಂದು ಅಳೆಯುತ್ತ ಬೆಂಚಿನ ಮೇಲೆ ಕೂತೆವು.

ಕಾಯುವುದೇ ಕಷ್ಟ. ದಸ್ತಗೀರ ಕಾಕಾ ಹತ್ತಿರ ಸರಿದು, "ಏನ್ ಅಂದ್ರು ಡಾಕ್ಟರ್?" ಎಂದು ಕೇಳಿದರು. ಸಕ್ಕರೆ ಕಡಿಮೆಯಾಗಿದೆಯಂತೆ ಎಂದೆ. ಅವರು ಕೂಡಲೇ ಜೇಬಿನಿಂದ ಒಂದು ಹಿಡಿ ಒಣದ್ರಾಕ್ಷಿ ತೆಗೆದರು. "ನಮ್ಮ ತ್ವಾಟದ್ದು, ಬೆಲ್ಲದಕಿಂತ ಸೀ ಅದಾವ. ಮರಿ ಎದ್ದಮ್ಯಾಲ ಒಂದೆರಡ ತಿನ್ಸು ಬೇಟಿ."

ಒಳಗಿನಿಂದ ಮೇಡಮ್ಮಿಗೆ ಅದು ಕೇಳಿಸಿತು. "ಕಾಕಾ, ಬ್ಯಾಡ್ರಿ! ದ್ರಾಕ್ಷಿ ಹಸೀದೂ ಬ್ಯಾಡ, ಒಣದೂ ಬ್ಯಾಡ. ನಾಯಿ ಕಿಡ್ನಿ ಹೋಗ್ತಾವ!"

ಕಾಕಾ ಗಾಬರಿಯಾಗಿ ಕೈ ಹಿಂದೆಗೆದರು. ಜೀವಮಾನವೆಲ್ಲ ದ್ರಾಕ್ಷಿ ಬೆಳೆದವರು, ಅದರಲ್ಲಿ ಕೇಡೂ ಇದೆ ಎಂದು ಅವರಿಗೆ ಯಾರು ಹೇಳಬೇಕು? ಒಂದು ಗಳಿಗೆ ಬಿಟ್ಟು ಆ ಹಿಡಿಯನ್ನೇ ನನ್ನ ಅಂಗೈಗೆ ಸುರಿದರು. "ಹಂಗಾರ ನೀನ ತಿನ್ನು. ಮಾರಿ ಬಾಡೈತಿ ನಿಂದು." ಆಗಲೇ ನನಗೆ ನೆನಪಾದದ್ದು, ನಾವೂ ಏನೂ ತಿಂದಿಲ್ಲ ಎಂದು. ಅಳುತ್ತ ದ್ರಾಕ್ಷಿ ತಿಂದೆ. ಅಷ್ಟು ಸಿಹಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೀಂಯ್ ಎಂಬ ಸದ್ದು ಬಂತು. ಹೋಗಿ ನೋಡಿದರೆ ಗುರೆಳ್ಳಿ ತಲೆ ಎತ್ತಿ, ಕಾಲಿನ ಪಟ್ಟಿಯನ್ನು ಕಚ್ಚಲು ನೋಡುತ್ತಿದ್ದಳು. ನಮ್ಮವರು ಗೋಡೆಯ ಕಡೆ ತಿರುಗಿ ನಿಂತರು. ಅವರು ಅತ್ತದ್ದನ್ನು ನೋಡಲಿಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಆಮೇಲೆ ವಿಚಾರಣೆ ಶುರುವಾಯಿತು.

"ಕಡೀಕ ಯಾವಾಗ ತಿಂದಿತ್ತು?"

"ನಿನ್ನೆ ರಾತ್ರಿ, ಮೇಡಂ."

"ಮುಂಜಾನಿ?"

"ಪೂಜಿ ಆಗಿರಲಿಲ್ಲರಿ."

ಮೇಡಮ್ ಪೆನ್ನು ಕೆಳಗಿಟ್ಟರು. "ಯಾರ ಪೂಜಿ?"

ನಮ್ಮವರು ಎಲ್ಲವನ್ನೂ ಹೇಳಿದರು, ಅದೂ ಹೆಮ್ಮೆಯಿಂದ. ಮರಿ ಮಣೆಯ ಬಳಿ ಮಲಗುವುದು, ಕಣ್ಣು ಮುಚ್ಚುವುದು, ತಲೆ ಅಲ್ಲಾಡಿಸುವುದು, ದೊಡ್ಡಪ್ಪ ಕೈ ಮುಗಿದದ್ದು. ಮೇಡಮ್ ನಗು ತಡೆದುಕೊಂಡು ಕೇಳಿದರು. ಆಮೇಲೆ ಮೆಲ್ಲಗೆ, "ಅದು ಭಕ್ತಿ ಅಲ್ರಿ. ಸಕ್ರಿ ಇಳದು ತಲಿ ನಡಗೂದು. ಇಷ್ಟ ಸಣ್ಣ ಮರಿ ಮೈಯಾಗ ಕೂಡಿಟ್ಟಿದ್ದು ಏನೂ ಇರಂಗಿಲ್ಲ. ರಾತ್ರಿ ತಿಂದದ್ದು ಮುಂಜಾನಿತನಕ ಎಲ್ಲಿ ಬರಬೇಕು?" ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟು ದಿನ ಆ ಜೀವ ನಮ್ಮ ಕಣ್ಣೆದುರೇ ಹಸಿದು ನಡುಗುತ್ತಿತ್ತು. ನಾವು ಊರವರನ್ನು ಕರೆದು ತೋರಿಸುತ್ತಿದ್ದೆವು.

ಮೇಡಮ್ ಬೈಯಲಿಲ್ಲ. ಮೂರ್ನಾಲ್ಕು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿಸಿ, ಮಲಗುವ ಮುಂಚೆ ಒಂದು ಸಲ, ಎದ್ದ ಕೂಡಲೇ ಒಂದು ಸಲ ಎಂದರು. ಮೈ ಬೆಚ್ಚಗಿರಲಿ, ಬಂದವರೆಲ್ಲ ಎತ್ತಿ ಆಡಿಸಿ ದಣಿಸುವುದು ಬೇಡ, ಹೊಟ್ಟೆಯ ಹುಳಕ್ಕೆ ಔಷಧ ಹಾಕಿಸಿ ಎಂದರು. ಮಂಕಾದರೆ, ತೂರಾಡಿದರೆ ಸಕ್ಕರೆ ನೀರು ಒಸಡಿಗೆ ತಿಕ್ಕಬೇಕು, ಬಾಯಿಗೆ ಸುರಿಯಬಾರದು, ಉಸಿರಿನ ದಾರಿಗೆ ಹೋಗುತ್ತದೆ. ಎಚ್ಚರಾದ ಮೇಲೆ ಊಟ ಕೊಡಲೇಬೇಕು, ಬರೀ ಸಕ್ಕರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎದ್ದರೂ ಏಳದಿದ್ದರೂ ತಮಗೆ ತಂದು ತೋರಿಸಬೇಕು. "ಮನ್ಯಾಗ ಸಿಹಿ ಏನೈತ್ರಿ?" ಎಂದು ಕೇಳಿದರು.

"ಶುಗರ್ ಫ್ರೀ ಗುಳಿಗಿ ಐತ್ರಿ" ಎಂದರು ನಮ್ಮವರು.

ಮೇಡಮ್ ಹಣೆ ಹಿಡಿದುಕೊಂಡರು. ಅದರಿಂದ ಸಕ್ಕರೆ ಏರುವುದಿಲ್ಲವಷ್ಟೇ ಅಲ್ಲ, ಅಂಥ ಕೆಲವು ಪುಡಿ ಗುಳಿಗೆಗಳಲ್ಲಿ ನಾಯಿಗೆ ವಿಷವಾಗುವಂಥದ್ದೇ ಇರುತ್ತದಂತೆ. ಬರುವಾಗ ಒಂದು ಡಬ್ಬಿ ಗ್ಲುಕೋಸ್ ಪುಡಿ ತಂದೆವು. ಅತ್ತೆಯ ನೈವೇದ್ಯದ ಕಲ್ಲುಸಕ್ಕರೆ ಬಿಟ್ಟರೆ, ಎಷ್ಟೋ ವರ್ಷಗಳ ಮೇಲೆ ನಮ್ಮ ಅಡುಗೆಮನೆಗೆ ಸಿಹಿ ಕಾಲಿಟ್ಟಿತು, ಅದೂ ನಾಯಿಯ ಹೆಸರಿನಲ್ಲಿ.

ಅತ್ತೆಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. "ನನ್ನ ಪೂಜಿ ಆ ಜೀವಕ್ಕ ಮುಳುವಾತೇನು?" ಎಂದು ಒಂದೇ ಮಾತು ಆಡಿ, ಮರಿಯ ಹಣೆಯ ವಿಭೂತಿಯನ್ನು ಸೆರಗಿನಿಂದ ಒರೆಸಿದರು. ಆದರೂ ಕಟ್ಟಳೆ ಬಿಡುವುದು ಅವರಿಂದ ಆಗಲಿಲ್ಲ. ಆಯುಷ್ಯವೆಲ್ಲ ಹಿಡಿದು ಬಂದದ್ದು ಒಂದು ದಿನಕ್ಕೆ ಬಿಡುವುದೆಂದರೆ ಸುಲಭವೇ? ಒಲೆ ಹತ್ತಿಸುವಂತಿಲ್ಲ ಎಂದರು. ಕರೆಂಟಿನ ಕೆಟಲ್ ಒಲೆಯಲ್ಲ ಎಂದು ನಾನು ವಾದ ಹೂಡಿದೆ. ಅತ್ತೆ ಯೋಚಿಸಿ, "ಪಡಸಾಲ್ಯಾಗ ಏನರ ಮಾಡ್ಕೋರಿ, ನಾ ನೋಡಂಗಿಲ್ಲ" ಎಂದರು. ಹಾಗೆ ಬೆಳಿಗ್ಗೆ ಎದ್ದ ಕೂಡಲೇ ಪಡಸಾಲೆಯಲ್ಲಿ ಕೆಟಲ್ ಕುದಿಯತೊಡಗಿತು. ನಾಯಿಮರಿಗಳಿಗೆಂದೇ ಪೊಟ್ಟಣದಲ್ಲಿ ಬರುವ ಕಾಳನ್ನು ಬಿಸಿನೀರಿನಲ್ಲಿ ನೆನೆಸಿ ಹಿಸುಕಿ ಕೊಡುತ್ತಿದ್ದೆವು. ಆ ಕಾಳನ್ನು ಏನೇನು ಹಾಕಿ ಮಾಡಿದ್ದಾರೆ ಎಂದು ಪೊಟ್ಟಣದ ಮೇಲೆ ಬರೆದಿತ್ತು, ಮೊದಲ ಹೆಸರೇ ಕೋಳಿಯದು. ಅದನ್ನು ಅತ್ತೆಗೆ ಓದಿ ಹೇಳಲು ಯಾರೂ ಮುಂದಾಗಲಿಲ್ಲ.

ಬಾಳು ಗುರೆಳ್ಳಿಯ ಹೊಟ್ಟೆಯ ಸುತ್ತ ತಿರುಗತೊಡಗಿತು. ಹಗಲು ಅವಳು ಬುಟ್ಟಿಯಲ್ಲಿ, ಬಿಸಿನೀರ ಬಾಟಲಿಯ ಜೊತೆ, ನಮ್ಮವರ ಅಂಗಡಿಗೆ ಹೋಗುತ್ತಿದ್ದಳು. ಮೊಬೈಲಿನ ಅಲಾರಾಂ ಹೊಡೆದರೆ ನಮ್ಮವರು ಗಿರಾಕಿಗಳಿಗೆ ಕೈ ಅಡ್ಡ ಹಿಡಿಯುವರು. "ಮೋಟರ್ ಆಮ್ಯಾಲ ನೋಡೋಣು, ಮೊದ್ಲ ಕೂಸಿಗೆ ಉಣಸ್ತೇನಿ." ಹಳ್ಳಿಯ ರೈತರು ಬುಟ್ಟಿಯ ಸುತ್ತ ಕೂತು, ಅವಳು ಒಂದು ತುತ್ತು ತಿಂದರೆ "ತಿಂತು ತಿಂತು" ಎನ್ನುವರು. ನಾನು ಬಬಲೇಶ್ವರದಿಂದ ವಿರಾಮದ ಹೊತ್ತಿಗೆ ಫೋನ್ ಮಾಡಿ, "ಉಂಡ್ಳೇನ್ರಿ? ಎಷ್ಟ ಉಂಡ್ಳು? ಬಾಯಿ ತಣ್ಣಗ ಇಲ್ಲಲ್ಲ?" ಎಂದು ಕೇಳುವೆ. ನಮಗೆ ಮಗಳು ಯಾವಾಗ ಹುಟ್ಟಿದಳು ಎಂದು ನನ್ನ ಜೊತೆಯ ಶಿಕ್ಷಕಿಯರು ಬೆರಗಾದರು.

ಆದರೂ ಒಂದು ದಿನ ತಪ್ಪಿತು. ನನಗೆ ಪರೀಕ್ಷೆ ಕೆಲಸ, ಮೊದಲ ಬಸ್ಸಿಗೆ ಹೋದೆ. ನಮ್ಮವರಿಗೆ ನಿಡೋಣಿಯಲ್ಲಿ ಯಾರದೋ ಬೋರಿನ ಮೋಟರು ಕೆಟ್ಟು, ಅವರೂ ಬೆಳಿಗ್ಗೆಯೇ ಹೊರಟಿದ್ದರು. ಅವರು ತಿನ್ನಿಸಿದ್ದಾರೆ ಎಂದು ನಾನು, ನಾನು ತಿನ್ನಿಸಿದ್ದೇನೆ ಎಂದು ಅವರು. ಮನೆಯಲ್ಲಿ ಅತ್ತೆ ಮತ್ತು ಗುರೆಳ್ಳಿ ಇಬ್ಬರೇ.

ಬಬಲೇಶ್ವರದಲ್ಲಿ ಬಸ್ಸಿಳಿದು ನಡೆಯುತ್ತಿರುವಾಗ ಅತ್ತೆಯ ಫೋನ್ ಬಂತು. ಅವರು ತಾವಾಗಿ ಫೋನ್ ಮಾಡುವವರೇ ಅಲ್ಲ. "ಸುವರ್ಣಾ, ಗುರೆಳ್ಳಿ ಬಿದ್ದಿತ್ತು. ಈಗ ಎದ್ದೈತಿ. ನೀ ಗಾಬರಿ ಆಗಬ್ಯಾಡ" ಎಂದರು. ನಾನು ಕೂಡಲೇ ನಮ್ಮವರಿಗೆ ಫೋನ್ ಮಾಡಿದೆ. ನಮ್ಮವರು ನಿಡೋಣಿಯಿಂದ ಓಡಿ ಬಂದು ಅವಳನ್ನು ದವಾಖಾನೆಗೆ ಒಯ್ದರು. ಮೇಡಮ್ ನೋಡಿ, "ಯಾರ ಮಾಡಿದ್ರೋ, ಬರೋಬರಿ ಮಾಡ್ಯಾರ" ಎಂದರಂತೆ.

ಸಂಜೆ ನಾವಿಬ್ಬರೂ ಅತ್ತೆಯ ಮುಂದೆ ಕೂತೆವು. ಏನಾಯಿತು ಎಂದು ಅವರ ಬಾಯಿಂದಲೇ ಕೇಳಬೇಕಿತ್ತು.

"ನಾ ಮಣಿ ಮ್ಯಾಲ ಕುಂತಿದ್ದೆ" ಎಂದರು ಅತ್ತೆ. "ಎಡಗೈಯಾಗ ಲಿಂಗ ಇತ್ತು. ಇದು ಬಂತು, ತೂರಾಡ್ತು, ಬಿತ್ತು. ನಿಮ್ಮ ಗ್ಲುಕೋಸ್ ಡಬ್ಬಿ ಅಡಗಿಮನಿ ಗ್ವಾಡಿ ಮಾಡದಾಗ ಇತ್ತು. ನನ್ನ ಮೊಣಕಾಲ ಗೊತ್ತಲ್ಲ, ನಾ ಏಳೂದ್ರಾಗ ಅದರ ಜೀವ ಹೋಗ್ತಿತ್ತು. ಮುಂದ ನೈವೇದ್ಯದ ಕಲ್ಲಸಕ್ರಿ ಇತ್ತು. ಇನ್ನಾ ಲಿಂಗಕ್ಕ ತೋರಿಸಿರಲಿಲ್ಲ."

"ಮತ್ತ?" ಎಂದೆ.

"ಮತ್ತೇನ ಮತ್ತ? ತಂಬಿಗಿ ತಗೊಂಡು ಜಜ್ಜಿದೆ. ನೀರಾಗ ಬೆರಳ ಎದ್ದಿ, ಆ ಪುಡಿ ಹಚ್ಚಿ ಒಸಡಿಗೆ ತಿಕ್ಕಿದೆ. ಎಡಗೈಯಾಗ ಲಿಂಗಪ್ಪ, ಬಲಗೈ ನಾಯಿ ಬಾಯಾಗ. ಕಣ್ಣ ಬಿಟ್ಟಮ್ಯಾಲ ಮೆಲ್ಲಕ ಎದ್ದು ಕಾಳು ನೆನಸಿ ಹಾಕಿದೆ. ಆಮ್ಯಾಲ ಮತ್ತ ಜಳಕ ಮಾಡಿ, ಪೂಜಿ ಮೊದಲಿಂದ ಮಾಡಿದೆ."

"ಲಿಂಗಪ್ಪ ಏನ್ ಅಂದನ್ರಿ ಅತ್ತಿ?" ಎಂದು ನಾನು ಚುಡಾಯಿಸಿದೆ.

"ಏನ್ ಅಂತಾನ ಬೇ? ಸುಮ್ಮ ಇದ್ದ. ಅವಂಗೂ ಅದರ ಚಿಂತಿನ ಇತ್ತು."

ಗುರೆಳ್ಳಿ ಆಮೇಲೆ ಬೀಳಲಿಲ್ಲ. ತಿಂಗಳು ಕಳೆದಂತೆ ಮೈ ತುಂಬಿತು, ಊಟದ ನಡುವಿನ ಅಂತರ ಹಿಗ್ಗಿತು. ಬಹಳಷ್ಟು ಮರಿಗಳು ಬೆಳೆಯುತ್ತ ಇದನ್ನು ದಾಟುತ್ತವೆ ಎಂದು ಮೇಡಮ್ ಹೇಳಿದ್ದು ನಮ್ಮ ಪಾಲಿಗೆ ನಿಜವಾಯಿತು. ಈಗ ಬೆಳಿಗ್ಗೆ ಪೂಜೆಯ ಹೊತ್ತಿಗೆ ಹೂ ಕದಿಯುತ್ತಾಳೆ, ಗಂಟೆ ಬಾರಿಸಿದರೆ ಬೊಗಳುತ್ತಾಳೆ, ಭಕ್ತಿ ಎಳ್ಳಷ್ಟೂ ಇಲ್ಲ. ಕಳ್ಳಕವಟಗಿಯ ದೊಡ್ಡ ಮಾವನವರಿಗೆ ಬಹಳ ಬೇಸರವಾಗಿದೆ.

ಆದರೆ ಅವಳು ಎರಡನೆಯ ಸಲ ಬಿದ್ದ ಆ ದಿನದ ಸಂಜೆ ಇನ್ನೂ ಒಂದು ಮಾತು ಬಂತು. ಅತ್ತೆ ಹೇಳಿ ಮುಗಿಸಿದಾಗ ನಾನು ನಗುತ್ತಿದ್ದೆ, ನಮ್ಮವರು ನಗಲಿಲ್ಲ. ಮರಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕಿವಿ ಸವರುತ್ತ, "ಯವ್ವಾ, ನನಗೂ ಒಮ್ಮೊಮ್ಮೆ ಹಂಗ ಆಗ್ತೈತಿ" ಎಂದರು. ಮುಂಜಾನೆ ಗುಳಿಗೆ ನುಂಗಿ ಕಾಯುತ್ತ ಕೂತಾಗ ಕೈ ನಡುಗುತ್ತದಂತೆ, ಬೆವರು ಇಳಿಯುತ್ತದಂತೆ, ಕಣ್ಣಿಗೆ ಕತ್ತಲೆ ಬರುತ್ತದಂತೆ. ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡು ಮಂಗಳಾರತಿಯ ಗಂಟೆಗೆ ಕಾಯುತ್ತಿದ್ದರಂತೆ. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು. ಅತ್ತೆ ಎದ್ದು ಒಳಗೆ ಹೋದರು.

ಮರುದಿನ ನಮ್ಮವರನ್ನು ಡಾಕ್ಟರ ಬಳಿ ಕರೆದೊಯ್ಯುವುದೆಂದು ನಾನು ರಜೆ ಹಾಕಿದ್ದೆ. ಎದ್ದು ಬಂದು ನೋಡಿದರೆ ನಮ್ಮವರ ಮುಂದೆ ಹಬೆಯಾಡುವ ಉಪ್ಪಿಟ್ಟಿನ ತಾಟು ಇತ್ತು. ಅತ್ತೆ ಇನ್ನೂ ಜಳಕ ಮಾಡಿರಲಿಲ್ಲ. ನಮ್ಮವರು ತಾಟನ್ನು ಮುಟ್ಟದೆ ತಾಯಿಯ ಮುಖ ನೋಡುತ್ತಿದ್ದರು.

"ಪೂಜಿ ಆಗ್ತೈತಿ. ನೀ ಮೊದ್ಲ ತಿನ್ನು" ಎಂದರು ಅತ್ತೆ. ಮಗ ಒಂದು ತುತ್ತು ಬಾಯಿಗಿಡುವವರೆಗೆ ಎದುರಿಗೇ ಕೂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ಇಷ್ಟ ದಿನ ಯಾಕ ಹೇಳಲಿಲ್ಲೋ ಯಪ್ಪಾ?"

"ಹೇಳಿದ್ರ ಬೈತಿದ್ದಿ."

"ಬೈತಿದ್ದೆ" ಎಂದರು ಅತ್ತೆ. "ಬೈದು, ಉಣ್ಣಾಕ ಹಾಕ್ತಿದ್ದೆ."